ರಜೆಯೆಲ್ಲ ಊರಿಗೇ ಆದರೆ...

ಮೊನ್ನೆ ಬುಧವಾರ ಬೆಳಿಗ್ಗೆ ಐದೂವರೆ ಇರಬೇಕು. ಬಾಗಿಲಿಗೆ ಸಿಕ್ಕಿಸಿದ್ದ ಹಾಲಿನ ಪಾಕೀಟು ಒಳಗೆ ತಂದು ಗ್ಯಾಸ್ ಹಚ್ಚುತ್ತಿದ್ದೆ. ಹಿಂದಿನಿಂದ ಇವಳು ಬಂದು "ಇವತ್ತು ಎಲ್ಲಾದ್ರೂ ಹೋಪನ?" ಅಂದಳು.

ಹೋಪನ ಅಂದರೆ ಹೋಗೋಣವಾ ಅಂತ. ನಾವು ಶಿರಸಿ ಕಡೆಯ ಹವ್ಯಕರು. ಡೊಂಬಿವಲಿಗೆ ಬಂದು ನಲವತ್ತು ವರ್ಷ ದಾಟಿದರೂ ನಮ್ಮ ಅಡುಗೆಮನೆಯ ಭಾಷೆ ಇನ್ನೂ ಕಲ್ಯಾಣ್ ದಾಟಿಲ್ಲ!

ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಎಲ್ಲಿಗೆ? ರಿಸರ್ವೇಶನ್ ಇಲ್ಲ, ಏನಿಲ್ಲ..." ಅಂತ. ನಿವೃತ್ತನಾಗಿ ವರ್ಷಗಳಾಗಿವೆ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಲ್ಲಿ. ಅವತ್ತು ನನಗಿದ್ದ ಅತಿ ದೊಡ್ಡ ಕೆಲಸ ಅಂದರೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸುವುದು. ಆದರೂ ಹಾಗಂದೆ. ಯಾಕಂದರೆ ನಮ್ಮಂಥವರ ತಲೆಯಲ್ಲಿ ಪ್ರಯಾಣ ಅಂದರೆ ಒಂದೇ, ಊರಿಗೆ ಹೋಗುವುದು. ಊರಿಗೆ ಹೋಗಬೇಕಾದರೆ ತಿಂಗಳುಗಟ್ಟಲೆ ಮೊದಲು ಟಿಕೆಟ್ ತೆಗೆಸಬೇಕು. ರೈಲ್ವೆಯವರು 120 ದಿನ ಇದ್ದದ್ದನ್ನು 2024ರ ನವೆಂಬರಿನಿಂದ 60 ದಿನಕ್ಕೆ ಇಳಿಸಿದರು. ಆವತ್ತು ನನಗೆ ಎಷ್ಟು ಕಸಿವಿಸಿ ಆಯ್ತೆಂದರೆ, ಯಾರೋ ನನ್ನ ಕ್ಯಾಲೆಂಡರಿನ ಎರಡು ಹಾಳೆ ಹರಿದುಕೊಂಡು ಹೋದ ಹಾಗೆ. ಅಷ್ಟು ಅಭ್ಯಾಸವಾಗಿದೆ, ಏಳುವ ಮೊದಲೇ ಹೊರಡುವುದನ್ನು ತೀರ್ಮಾನಿಸುವುದು.

ಇವಳು ಸುಮ್ಮನೆ ಚಹಾ ಸೋಸಿದಳು. ಆಮೇಲೆ ಅಂದಳು, "ಮಂಡಿ ಆಪರೇಶನ್ ಮಾಡ್ಸದ್ರ ಒಳಗೆ ಒಂದ್ ಸಲ."

ಆರೂ ಕಾಲಿಗೆ ನಾವು ಸ್ಟೇಷನ್ನಿನಲ್ಲಿದ್ದೆವು. ಎಲ್ಲಿಗೆ ಅಂತ ಆಗಲೂ ಗೊತ್ತಿರಲಿಲ್ಲ. ಕಲ್ಯಾಣಕ್ಕೆ ಹೋಗಿ ನಿಂತರೆ ಯಾವುದಾದರೂ ಒಂದು ಪುಣೆ ಗಾಡಿ ಬರುತ್ತದೆ ಅಂತ ಮಾತ್ರ ಗೊತ್ತಿತ್ತು. ಇಂದ್ರಾಯಣಿ ಬಂತು. ಜನರಲ್ ಬೋಗಿ. ವಾರದ ನಡುವಾದ್ದರಿಂದ ನಿಲ್ಲುವ ಪ್ರಸಂಗ ಬರಲಿಲ್ಲ, ಯಾರೋ ಪುಣ್ಯಾತ್ಮರು ಸ್ವಲ್ಪ ಸರಿದು ಇವಳಿಗೆ ಕಿಟಕಿ ಪಕ್ಕ ಜಾಗ ಕೊಟ್ಟರು. ಕರ್ಜತಿನಲ್ಲಿ ಘಟ್ಟ ಹತ್ತಿಸಲಿಕ್ಕೆ ಹಿಂದಿನಿಂದ ತಳ್ಳುವ ಎಂಜಿನ್ ಜೋಡಿಸುವ ಹೊತ್ತಿಗೆ ಬಟಾಟೆ ವಡೆ ಬಂತು. ಒಂದೊಂದೇ ಸುರಂಗ ದಾಟುವಾಗ ಇವಳು ಎಣಿಸುತ್ತಾ ಹೋದಳು, ನಡುವೆ ಎಲ್ಲೋ ಲೆಕ್ಕ ತಪ್ಪಿ "ವಾಪಸ್ ಬರ್ತಾ ಎಣಿಸ್ತಿ" ಅಂದಳು. ನಾನು ಇವಳನ್ನು ಮದುವೆಯಾಗಿ ಮುಂಬಯಿಗೆ ಕರೆದುಕೊಂಡು ಬಂದದ್ದು 1989ರಲ್ಲಿ. ಆವತ್ತಿನಿಂದ ಇವತ್ತಿನವರೆಗೆ ಹಗಲಲ್ಲಿ ಈ ಘಟ್ಟವನ್ನು ನಾವಿಬ್ಬರೂ ಕೂತು ನೋಡಿರಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ಆದರೆ ನೀವೂ ನಮ್ಮ ಹಾಗೇ ಹೊರಗೆ ಬಂದು ನೆಲೆಸಿದವರಾದರೆ ಖಂಡಿತ ನಂಬುತ್ತೀರಿ.

ಯಾಕೆ ಅಂತ ಹೇಳ್ತೇನೆ ಕೇಳಿ.

ನಾನು ಮುಂಬಯಿಗೆ ಬಂದದ್ದು 1984ರಲ್ಲಿ. ಬ್ಯಾಂಕಿನ ನೌಕರಿ. ವರ್ಷಕ್ಕೆ ಇಷ್ಟು ರಜೆ ಅಂತ ಇರುತ್ತದಲ್ಲ, ಆ ರಜೆ ನನ್ನದು ಅಂತ ನನಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಅದು ಊರಿನದು. ಅಕ್ಕನ ಮದುವೆ, ತಮ್ಮನ ಮದುವೆ, ಅಜ್ಜನ ಶ್ರಾದ್ಧ, ಅಪ್ಪಯ್ಯನ ಶ್ರಾದ್ಧ, ಉಪನಯನ, ಗೃಹಪ್ರವೇಶ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಜಾತ್ರೆ, ನಡುವೆ ತೋಟದ ಪಾಲಿನ ವ್ಯಾಜ್ಯ. ಬ್ಯಾಂಕಿನವರು ಪ್ರವಾಸಕ್ಕೆ ಅಂತ ಕೊಡುವ ದುಡ್ಡಿನ ಫಾರಂ ತುಂಬುವಾಗಲೂ 'ಸ್ವಂತ ಊರು' ಅನ್ನುವ ಕಡೆಗೇ ನನ್ನ ಪೆನ್ನು ಓಡುತ್ತಿತ್ತು. ಪಕ್ಕದ ಟೇಬಲ್ಲಿನವರು ಅದೇ ದುಡ್ಡಲ್ಲಿ ಅಂಡಮಾನ್, ಡಾರ್ಜಿಲಿಂಗ್ ಅಂತ ಸುತ್ತಿ ಬರುತ್ತಿದ್ದರು. ಅದರಲ್ಲೊಬ್ಬ ಮರಾಠಿ ಗೆಳೆಯ ಒಂದು ಸಲ ಗೋಕರ್ಣ, ಯಾಣ, ಜೋಗ ಎಲ್ಲ ನೋಡಿ ಬಂದು ನನ್ನನ್ನೇ ಕೇಳಿದ, "ನಿಮ್ಮ ಯಾಣದ ಬಂಡೆ ಕಪ್ಪಗೆ ಹಾಗೆ ಯಾಕಿದೆ?" ಅಂತ. ನಾನು ಏನೋ ತೋಚಿದ್ದು ಹೇಳಿದೆ. ನಿಜ ಏನೆಂದರೆ ನಾನು ಯಾಣ ನೋಡಿಯೇ ಇರಲಿಲ್ಲ. ಊರಿಗೆ ಹೋದವನು ಪಂಕ್ತಿಯಲ್ಲಿ ಕೂತು ಊಟ ಮಾಡುತ್ತೇನೆ, ನಾಲ್ಕು ಮನೆಗೆ ಹೋಗಿ ಮುಖ ತೋರಿಸುತ್ತೇನೆ, ಒಂದು ಚೀಲ ಹಪ್ಪಳ, ಒಂದು ಡಬ್ಬ ಜೋನಿಬೆಲ್ಲ ಹೊತ್ತುಕೊಂಡು ರಾತ್ರಿ ಬಸ್ಸು ಹತ್ತುತ್ತೇನೆ. ಅಲ್ಲಿ ನೋಡುವುದು ಏನಿದೆ? ನಮ್ಮದೇ ಊರಲ್ಲವೇ!

ಅಲ್ಲೂ ನೋಡಲಿಲ್ಲ, ಇಲ್ಲೂ ನೋಡಲಿಲ್ಲ. ಅದು ನಮ್ಮ ತಲೆಮಾರಿನ ಕತೆ.

ದುಡ್ಡಿರಲಿಲ್ಲ ಅಂತ ನೀವು ಅನ್ನಬಹುದು. ಇರಲಿಲ್ಲ, ಒಪ್ಪಿದೆ. ಮೊದಲ ಕೆಲವು ವರ್ಷ ನಾಲ್ಕು ಜನ ಒಂದು ರೂಮಿನಲ್ಲಿದ್ದು, ಮಾಟುಂಗದ ಉಡುಪಿ ಹೋಟೆಲಿನಲ್ಲಿ ಊಟ ಮಾಡಿ, ತಿಂಗಳ ಮೊದಲ ವಾರ ಊರಿಗೆ ಮನಿಯಾರ್ಡರ್ ಮಾಡುತ್ತಿದ್ದವರು ನಾವು. ಆದರೆ ದುಡ್ಡಿರಲಿಲ್ಲ ಅನ್ನುವುದು ಅರ್ಧ ಸತ್ಯ ಮಾತ್ರ. ಬೋರಿವಲಿಯ ಕಾಡಿನೊಳಗಿನ ಕಣ್ಹೇರಿ ಗುಹೆಗೆ ಹೋಗಲಿಕ್ಕೆ ಎಷ್ಟು ದುಡ್ಡು ಬೇಕಿತ್ತು? ಲೋಕಲ್ ಪಾಸು ಜೇಬಲ್ಲೇ ಇತ್ತಲ್ಲ! ಉಳಿದರ್ಧ ಸತ್ಯ ಏನೆಂದರೆ ನಾಚಿಕೆ. ಅಪ್ಪಯ್ಯ ಅಲ್ಲಿ ಮಳೆಯಲ್ಲಿ ನೆನೆಯುತ್ತಾ ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಚಿಂತೆಯಲ್ಲಿರುವಾಗ ಮಗ ಇಲ್ಲಿ ಹೆಂಡತಿಯನ್ನು ಕರೆದುಕೊಂಡು ಜಲಪಾತ ನೋಡಲು ಹೋಗುವುದು ಹೇಗೆ? ಹಾಗೊಂದು ಫೋಟೋ ಊರಿಗೆ ಹೋದರೆ ಜನ ಏನಂದಾರು? ಮಜಾ ಮಾಡಲಿಕ್ಕೆ ಅಂತ ಅಲ್ಲ ನಾವು ಇಲ್ಲಿಗೆ ಬಂದದ್ದು ಅನ್ನುವುದು ಒಳಗೆಲ್ಲೋ ಕೂತುಬಿಟ್ಟಿತ್ತು. ಇವಳು ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ಕೇಳಿದ್ದಳು, ಎಲಿಫೆಂಟಾ ತೋರಿಸಿ ಅಂತ. ಮುಂದಿನ ತಿಂಗಳು ಅಂದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ನಾನು ಅದನ್ನು ಗಮನಿಸಲೂ ಇಲ್ಲ.

ಇರಲಿ, ಲೋಣಾವಳಕ್ಕೆ ಬರೋಣ.

ಲೋಣಾವಳದಲ್ಲಿ ಇಳಿದ ಕೂಡಲೆ ಟ್ಯಾಕ್ಸಿಯವರು ಮುತ್ತಿಕೊಂಡರು. "ಬಾರಾ ಪಾಯಿಂಟ್ ಸಾಹೇಬ್, ಚಾರ್ ಘಂಟೆ ಮೇ!" ನಾಲ್ಕು ಗಂಟೆಯಲ್ಲಿ ಹನ್ನೆರಡು ಪಾಯಿಂಟು. ಅಂದರೆ ಒಂದಕ್ಕೆ ಇಪ್ಪತ್ತು ನಿಮಿಷ, ಅದರಲ್ಲಿ ಗಾಡಿ ಓಡುವ ಹೊತ್ತೂ ಸೇರಿ. ಈ 'ಪಾಯಿಂಟ್' ಅನ್ನುವುದು ಒಂದು ರೋಗ ಅಂತ ನನ್ನ ಅಭಿಪ್ರಾಯ. ಬೆಟ್ಟದ ತುದಿಗೊಂದು ಕಂಬಿ ಹಾಕಿ ಒಂದು ಹೆಸರು ಬರೆದರೆ ಅದು ಪಾಯಿಂಟ್. ಇಳಿದು, ಕಂಬಿ ಹಿಡಿದು, ಫೋಟೋ ತೆಗೆದು, ಭುಟ್ಟಾ ತಿಂದು, ಮತ್ತೆ ಹತ್ತುವುದು. ಮಹಾಬಳೇಶ್ವರಕ್ಕೆ ನಾವು ಒಂದೇ ಒಂದು ಸಲ ಹೋದದ್ದು, ಅದೂ ಆಫೀಸಿನ ಪಿಕ್‌ನಿಕ್ಕಿಗೆ. ಅಲ್ಲಿ ಆರ್ಥರ್ ಸೀಟ್, ವಿಲ್ಸನ್, ಬಾಂಬೆ ಪಾಯಿಂಟ್ ಅಂತ ಸಾಹೇಬರ ಹೆಸರೆಲ್ಲ ನೋಡಿ ಮುಗಿಸಿ, ಹಳೇ ಮಹಾಬಳೇಶ್ವರದ ಪಂಚಗಂಗಾ ದೇವಸ್ಥಾನಕ್ಕೆ ಬರುವಾಗ ಬಸ್ಸಿನ ಡ್ರೈವರ್ ಹತ್ತೇ ನಿಮಿಷ ಅಂದ. ಕೃಷ್ಣೆ ಹುಟ್ಟುವ ಜಾಗ ಅದು. ಆಲಮಟ್ಟಿಗೆ ಹೋಗಿ ನಿಲ್ಲುವ ನೀರು ಅಲ್ಲಿ ಕಲ್ಲಿನ ಹಸುವಿನ ಬಾಯಿಂದ ಸಣ್ಣಗೆ ಸುರಿಯುತ್ತದೆ. ಬಿಜಾಪುರದ ಕಡೆಯ ನಮ್ಮ ಸಹೋದ್ಯೋಗಿಯೊಬ್ಬರು ಅದರ ಕೆಳಗೆ ಕೈಯೊಡ್ಡಿ ನಿಂತೇ ಬಿಟ್ಟರು, ಕರೆದರೂ ಬರಲಿಲ್ಲ. ಬಸ್ಸಿನವರೆಲ್ಲ ಅವರಿಗೆ ಬೈದದ್ದೇ ಬೈದದ್ದು. ಈಗ ಅನ್ನಿಸುತ್ತದೆ, ಆ ಇಡೀ ಬಸ್ಸಿನಲ್ಲಿ ಮಹಾಬಳೇಶ್ವರ ನೋಡಿದವರು ಅವರೊಬ್ಬರೇ.

ಹಾಗಾಗಿ ನನ್ನ ಮೊದಲ ಸಲಹೆ (ಕೇಳದೇ ಕೊಡುವ ಸಲಹೆಗೆ ಬೆಲೆ ಇಲ್ಲ ಅಂತ ಗೊತ್ತಿದ್ದೂ): ಒಂದು ದಿನಕ್ಕೆ ಒಂದೇ ಜಾಗ. ಅದರ ಮೇಲೆ ಎರಡನೆಯದು ಸಿಕ್ಕರೆ ಲಾಭ, ಸಿಗದಿದ್ದರೆ ಅದಕ್ಕೆಂದೇ ಇನ್ನೊಂದು ದಿನ. ಕಳೆದ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಅಕ್ಕನ ಮಗ ಸಂಸಾರ ಸಮೇತ ಬಂದಿದ್ದ. ಮೊಬೈಲಿನಲ್ಲಿ ಮುಂಬಯಿಯ 'ನೋಡಲೇಬೇಕಾದ' ಜಾಗಗಳ ಪಟ್ಟಿ, ಪಕ್ಕದಲ್ಲಿ ಗಂಟೆ ನಿಮಿಷ. 9.10ಕ್ಕೆ ಗೇಟ್‌ವೇ, 9.35ಕ್ಕೆ ಬೋಟು. ಸೋಮವಾರ! ಎಲಿಫೆಂಟಾಕ್ಕೆ ಸೋಮವಾರ ರಜೆ ಅನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನ ಪಟ್ಟಿಯಲ್ಲಿತ್ತು. ಪಾಪ, ಮಕ್ಕಳು ಅಳು ಮುಖ ಮಾಡಿಕೊಂಡು ಪಾರಿವಾಳ ನೋಡಿ ವಾಪಸ್ ಬಂದವು. ಯೋಜನೆ ಹಾಕುವವರೇ ಹೆಚ್ಚು ಎಡವುತ್ತಾರೆ ಅಂತ ನಾನು ಹೇಳುತ್ತಿಲ್ಲ. ಒಂದು ಹೋದರೆ ಸರಪಳಿಯಂತೆ ಎಲ್ಲವೂ ಹೋಗುವ ಹಾಗೆ ಯಾಕೆ ಕಟ್ಟಿಕೊಳ್ಳಬೇಕು ಅಂತ. ಪಟ್ಟಿ ಇಲ್ಲದವನಾಗಿದ್ದರೆ ಅಲ್ಲೇ ನಡೆದು ಹೋಗುವಷ್ಟು ದೂರದ ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಸುಖವಾಗಿ ಇರುತ್ತಿದ್ದ.

ವಾರದ ರಜೆ ಮಾತ್ರ ತಲೆಯಲ್ಲಿ ಇಟ್ಟುಕೊಳ್ಳಿ, ಅದಕ್ಕೆ ಯೋಜನೆ ಬೇಕಿಲ್ಲ. ಎಲಿಫೆಂಟಾ, ಕಣ್ಹೇರಿ, ಅಜಂತಾ ಸೋಮವಾರ ಮುಚ್ಚಿರುತ್ತವೆ. ಎಲ್ಲೋರಾ ಮಂಗಳವಾರ. ಅಜಂತಾ ಎಲ್ಲೋರಾ ಜೋಡಿಸಿಕೊಂಡು ಹೊರಡುವವರು ಈ ಎರಡು ದಿನದಲ್ಲೇ ಸಿಕ್ಕಿಬೀಳುವುದು. ದಿಲ್ಲಿಯಲ್ಲಿರುವ ನಮ್ಮವರಿಗೆ ಗೊತ್ತೇ ಇರುತ್ತದೆ, ತಾಜಮಹಲಿಗೆ ಶುಕ್ರವಾರ ರಜೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೂ ಶುಕ್ರವಾರ. ಇಷ್ಟು ಗೊತ್ತಿದ್ದರೆ ಬಾಕಿಯದ್ದಕ್ಕೆ ಕಾಲಿದ್ದರೆ ಸಾಕು.

ಕಾಲಿದ್ದರೆ ಸಾಕು... ಬರೆದ ಮೇಲೆ ನೋಡಿದೆ. ಹೌದು, ಅದೇ ಈಗ ಹೇಳಬೇಕಾಗಿದ್ದು.

ಟ್ಯಾಕ್ಸಿಯವರನ್ನು ಬಿಟ್ಟು ನಾವು ಪುಣೆ ಕಡೆಗೆ ಹೋಗುವ ಲೋಕಲ್ ಹಿಡಿದು ಮುಂದಿನ ಸ್ಟೇಷನ್ ಮಳವಲಿಯಲ್ಲಿ ಇಳಿದೆವು. (ನಮ್ಮ ಮಂಡ್ಯದ ಮಳವಳ್ಳಿ ಅಲ್ಲ.) ಈ ಲೋಕಲ್ಲುಗಳು ಬೆಳಿಗ್ಗೆ ಸಂಜೆ ಪರವಾಗಿಲ್ಲ, ಮಧ್ಯಾಹ್ನದ ಹೊತ್ತಿಗೆ ತುಂಬಾ ಕಡಿಮೆ, ಅದಕ್ಕೇ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಮಳವಲಿಯಿಂದ ಒಂದು ಕಡೆಗೆ ಭಾಜೆ ಗುಹೆ, ಹತ್ತಿರ. ಇನ್ನೊಂದು ಕಡೆಗೆ ಹೆದ್ದಾರಿ ದಾಟಿ ಕಾರ್ಲಾ, ಅದಕ್ಕೆ ರಿಕ್ಷಾ ಬೇಕು. ನಾವು ಕಾರ್ಲಾ ಅಂದೆವು. ಕಾರ್ಲಾ ಅಂತ ಯಾಕೆ ಅಂದೆ ಅನ್ನುವುದಕ್ಕೊಂದು ಕಾರಣ ಇದೆ.

ಮಾಟುಂಗದಲ್ಲಿ ನನಗೊಬ್ಬರು ಹಿರಿಯ ಗೆಳೆಯರಿದ್ದಾರೆ, ಶಾಸನಗಳ ಹುಚ್ಚು. ಭೇಟಿಯಾದಾಗೆಲ್ಲ "ನೀವು ಶಿರಸಿಯವರು, ಇನ್ನೂ ಕಾರ್ಲಾಕ್ಕೆ ಹೋಗಿಲ್ಲವಾ? ಅಲ್ಲಿ ನಿಮ್ಮ ಊರಿನವನ ಹೆಸರಿದೆಯಲ್ರೀ" ಅಂತ ಚುಚ್ಚುತ್ತಿದ್ದರು. ಕತೆ ಇದು. ಕಾರ್ಲಾದ ದೊಡ್ಡ ಚೈತ್ಯಾಲಯ ಸುಮಾರು ಎರಡು ಸಾವಿರ ವರ್ಷ ಹಳೆಯದು. ನಮ್ಮ ದೇಶದಲ್ಲಿ ಕಲ್ಲು ಕೊರೆದು ಮಾಡಿದ ಚೈತ್ಯಗಳಲ್ಲಿ ಅದೇ ಅತಿ ದೊಡ್ಡದು. ಅದರ ಮೊಗಸಾಲೆಯ ಗೋಡೆಯಲ್ಲಿ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಒಂದು ಸಾಲು ಇದೆ. ಇಡೀ ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶೆಟ್ಟಿ ಭೂತಪಾಲ ಅಂತ ಅದರ ತಾತ್ಪರ್ಯ. ವೈಜಯಂತಿ ಅಂದರೆ ನಮ್ಮ ಬನವಾಸಿ ಅನ್ನುತ್ತಾರೆ ವಿದ್ವಾಂಸರು. ಶಿರಸಿಯಿಂದ ಬನವಾಸಿಗೆ ಇಪ್ಪತ್ತಮೂರು ಕಿಲೋಮೀಟರ್ ಇರಬಹುದು, ಅಷ್ಟೇ.

ಎರಡು ಸಾವಿರ ವರ್ಷದ ಹಿಂದೆ ಬನವಾಸಿಯಿಂದ ಒಬ್ಬ ವ್ಯಾಪಾರಿ ಈ ಘಟ್ಟದ ದಾರಿಗೆ ಬಂದಿದ್ದಾನೆ. ದುಡ್ಡು ಮಾಡಿದ್ದಾನೆ. ಆ ದುಡ್ಡಿನಲ್ಲಿ ಪಾಲು ಎಷ್ಟು ಊರಿಗೆ ಕಳಿಸಿದನೋ ಯಾರಿಗೆ ಗೊತ್ತು, ಆದರೆ ಇಲ್ಲಿನ ಬೆಟ್ಟದಲ್ಲಿ ಮಾತ್ರ ಭರ್ಜರಿಯಾಗಿ ಸುರಿದು, ಇದಕ್ಕೆ ಸಮಾನ ಬೇರೆ ಇಲ್ಲ ಅಂತ ಹೆಮ್ಮೆಯಿಂದ ಬರೆಸಿದ್ದಾನೆ. ನಾನೋ! ಶಿರಸಿ ಬಸ್ಸಿನಲ್ಲಿ ವರ್ಷಕ್ಕೆರಡು ಸಲದಂತೆ ಆ ಬೆಟ್ಟದ ಬುಡದಲ್ಲೇ ಹಾದು ಹೋಗಿದ್ದೇನೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಕುಮಟಾಕ್ಕೆ ಹೋಗಿ ದೇವಿಮನೆ ಘಟ್ಟ ಹತ್ತಿದ್ದೂ ಉಂಟು, ಆದರೂ ಹೆಚ್ಚಿನ ಸಲ ಬಸ್ಸೇ. ಎಕ್ಸ್‌ಪ್ರೆಸ್‌ವೇ ಆಗುವ ಮೊದಲು ಲೋಣಾವಳದ ಹತ್ತಿರ ಚಹಾಕ್ಕೆ ನಿಲ್ಲಿಸುತ್ತಿದ್ದರು. ಊರಿನ ಮಕ್ಕಳಿಗೆ ಚಿಕ್ಕಿ ಕೊಂಡು ಹತ್ತಿ ಕೂತರೆ ಕಾರ್ಲಾ ಫಾಟಾ ಬರುವಷ್ಟರಲ್ಲಿ ನಿದ್ದೆ. ಎಪ್ಪತ್ತು ಸಲ ಅಂತಾದರೂ ಲೆಕ್ಕ ಹಿಡಿಯಿರಿ. ಎಪ್ಪತ್ತು ಸಲ ನಿದ್ದೆ.

ಕಾರ್ಲಾಕ್ಕೆ ಮೆಟ್ಟಿಲು ಮುನ್ನೂರಕ್ಕಿಂತ ಹೆಚ್ಚು. ರಿಕ್ಷಾದವನು ಅರ್ಧ ದೂರ ಮೇಲೆ, ವಾಹನ ನಿಲ್ಲಿಸುವಲ್ಲಿವರೆಗೆ ಬಿಟ್ಟ. ಅಲ್ಲಿಂದ ಮುಂದೆ ಹೂವು, ತೆಂಗಿನಕಾಯಿ, ಹಸಿರು ಬಳೆ, ಪೇಢೆ ಅಂಗಡಿಗಳ ಸಾಲು. ಗುಹೆಯ ಬಾಗಿಲಿಗೇ ಏಕವೀರಾ ದೇವಿಯ ಗುಡಿ ಇದೆ, ಕೋಳಿ ಮೀನುಗಾರರ ಕುಲದೇವತೆ. ಭಾನುವಾರ, ನವರಾತ್ರಿ, ಚೈತ್ರದ ಜಾತ್ರೆ ಅಂದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬುಧವಾರ, ಗುರುವಾರ ಹೋಗಿ ನೋಡಿ, ಬೆಟ್ಟವೇ ನಿಮ್ಮದು. ನಾವು ನಿವೃತ್ತರಿಗೆ ಇರುವ ಒಂದೇ ಒಂದು ಶ್ರೀಮಂತಿಕೆ ವಾರದ ನಡುವಿನ ದಿನಗಳು. ಅದನ್ನು ಪಾಸ್‌ಬುಕ್ಕಿಗೆ ಕೊಟ್ಟು ಭಾನುವಾರ ಎಲ್ಲರ ಜತೆ ನುಗ್ಗಾಡುವುದು ಯಾವ ಜಾಣತನ?

ಇವಳು ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು, ಮೊದಲು ಬಲಗಾಲು ಆಮೇಲೆ ಅದರ ಪಕ್ಕಕ್ಕೆ ಎಡಗಾಲು ಇಟ್ಟು ಹತ್ತಿದಳು. ಐವತ್ತಕ್ಕೊಂದು ಸಲ ಕೂತಳು. ಒಂದು ತಿರುವಿನಲ್ಲಿ ಹೂವಿನ ಅಂಗಡಿಯ ಹೆಂಗಸು ಸ್ಟೂಲ್ ಕೊಟ್ಟಿತು. ಕೂತವಳು ಮೇಲೆ ನೋಡಿದಳು, ಕೆಳಗೆ ನೋಡಿದಳು, ನನ್ನನ್ನು ನೋಡಿದಳು.

"ಎಂಗೆ ಮುಂದೆ ಆಗ್ತಿಲ್ಲೆ. ನಿಂಗ ನೋಡ್ಕ ಬನ್ನಿ."

ಇನ್ನು ನೂರು ಮೆಟ್ಟಿಲೂ ಇರಲಿಲ್ಲ. ನಾನೂ ಬೇಡ, ವಾಪಸ್ ಹೋಗೋಣ ಅಂದೆ. ಅವಳಿಗೆ ಸಿಟ್ಟು ಬಂತು. ಇಲ್ಲಿವರೆಗೆ ಬಂದು ನೀವೂ ನೋಡದಿದ್ದರೆ ನಾನು ಹತ್ತಿದ್ದು ಯಾಕೆ ಅಂತ ಕೇಳಿದಳು. ಆ ಹೆಂಗಸೂ ಅವಳ ಪರವೇ ನಿಂತು ನನ್ನನ್ನು ಮರಾಠಿಯಲ್ಲಿ ಗದರಿತು.

ಹೋದೆ. ಚಿಲ್ಲರೆ ದುಡ್ಡಿನ ಟಿಕೆಟ್ಟು. ಎದುರಿಗೆ ಸಿಂಹಗಳಿರುವ ಕಂಬ, ಆಮೇಲೆ ಮೊಗಸಾಲೆ, ಗೋಡೆಯಲ್ಲಿ ದಂಪತಿ ಶಿಲ್ಪಗಳು, ಕೆಳಗೆ ಇಡೀ ಬೆಟ್ಟವನ್ನು ಹೊತ್ತ ಹಾಗೆ ನಿಂತ ಆನೆಗಳು. ಒಳಗೆ ಕಾಲಿಟ್ಟರೆ ನೂರಿಪ್ಪತ್ತು ಅಡಿಗಿಂತ ಉದ್ದದ ಹಜಾರ, ಎರಡೂ ಕಡೆ ಕಂಬಗಳ ಸಾಲು, ಕಂಬದ ತಲೆಯ ಮೇಲೆ ಆನೆ ಏರಿದ ಗಂಡು ಹೆಣ್ಣು ಜೋಡಿಗಳು, ಕೊನೆಯಲ್ಲಿ ಸ್ತೂಪ. ಮೇಲಕ್ಕೆ ತಲೆಯೆತ್ತಿದರೆ ನನಗೆ ನಮ್ಮ ಹಳೆ ಮನೆಯ ಮಾಡಿನ ನೆನಪಾಯಿತು. ಕಲ್ಲಿನ ಚಾವಣಿಗೆ ಮರದ ಕಮಾನು ಪಕಾಸಿಗಳು! ಕಲ್ಲಿಗೆ ಅವುಗಳ ಆಧಾರ ಬೇಕಿಲ್ಲ. ಮರದ ಮನೆ ಕಟ್ಟಿ ಅಭ್ಯಾಸವಿದ್ದವರು ಕಲ್ಲಿನಲ್ಲೂ ಮರ ಬಿಡಲಾರದೆ ಜೋಡಿಸಿದ್ದಾರೆ. ಅದೇ ಕಾಲದ ಮರ, ಇನ್ನೂ ಇದೆ. ನಮ್ಮ ಮನೆಯ ಪಕಾಸಿಗೆ ಅರವತ್ತು ವರ್ಷಕ್ಕೇ ಗೆದ್ದಲು ಹಿಡಿದಿತ್ತು.

ಭೂತಪಾಲನ ಸಾಲು ಹುಡುಕಿದೆ. ಮೊಗಸಾಲೆಯ ಎಡಕ್ಕೆ ಅಂದಿದ್ದರು ಗೆಳೆಯರು. ಗೋಡೆ ತುಂಬಾ ಅಲ್ಲಲ್ಲಿ ಅಕ್ಷರಗಳಿವೆ, ಒಂದೂ ಓದಲು ಬರುವುದಿಲ್ಲ. ಇದೇ ಇರಬೇಕು ಅಂತ ಒಂದು ಸಾಲಿನ ಎದುರು ಸುಮಾರು ಹೊತ್ತು ನಿಂತೆ. ಕಾವಲಿನವನು ಏನು ಬೇಕು ಅಂತ ಕೇಳಿದ. ನಮ್ಮ ಊರಿನವನೊಬ್ಬನನ್ನು ಹುಡುಕುತ್ತಿದ್ದೇನೆ ಅಂದೆ. ಅವನು ಹೊರಗೆ ದೇವಿಯ ಗುಡಿಯ ಸರತಿ ಸಾಲು ತೋರಿಸಿದ, ಅಲ್ಲಿ ನೋಡಿ ಅಂತ!

ಕೆಳಗೆ ಬಂದರೆ ಇವಳು ಹೂವಿನ ಹೆಂಗಸಿನ ಜತೆ ಸೇರಿ ಮಾಲೆ ಕಟ್ಟುತ್ತಿದ್ದಳು. ನಾಲ್ಕೈದು ಮಾಲೆ ಆಗಿತ್ತು.

"ಎಂತ ಇದ್ದು ಮೇಲೆ?"

ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಕತ್ತಲೆಯಲ್ಲಿ ತೆಗೆದದ್ದು, ಒಂದೂ ಸರಿಯಾಗಿ ಬಂದಿರಲಿಲ್ಲ. ಬಾಯಿಯಲ್ಲಿ ಹೇಳಲು ಶುರು ಮಾಡಿದೆ, ಕಂಬ, ಆನೆ, ಮರದ ಪಕಾಸಿ... ಸ್ವಲ್ಪ ಹೊತ್ತಿಗೇ ನನಗೆ ಮುಂದೆ ಹೇಳಲು ಆಗಲಿಲ್ಲ. 1989ರಲ್ಲಿ ಇವಳು ನಮ್ಮ ಕಟ್ಟಡದ ನಾಲ್ಕು ಮಹಡಿಯನ್ನು ಎರಡು ಬಿಂದಿಗೆ ನೀರು ಹೊತ್ತು ಹತ್ತುತ್ತಿದ್ದಳು. ಆಗ ಕರೆದುಕೊಂಡು ಬಂದಿದ್ದರೆ ಈ ಮೆಟ್ಟಿಲನ್ನು ಓಡಿ ಹತ್ತುತ್ತಿದ್ದಳು.

ನಾನು ಇದನ್ನೆಲ್ಲ ಬರೆಯುತ್ತಿರುವುದು ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರಿಗಾಗಿ. ಠಾಣೆ, ಪುಣೆ, ಚೆನ್ನೈ, ಹೈದರಾಬಾದ್ ಅಂತ ಕೂತು, ರಜೆಯನ್ನು ಒಂದೊಂದೇ ಕೂಡಿಟ್ಟು, ಒಟ್ಟಿಗೆ ಊರಿಗೆ ಕೊಂಡುಹೋಗುವವರಿಗೆ. ಊರಿಗೆ ಹೋಗಬೇಡಿ ಅಂತ ನಾನು ಹೇಳಲಾರೆ, ಹೇಳಿದರೆ ನಮ್ಮ ಅಮ್ಮನ ಆತ್ಮ ನನ್ನನ್ನು ಬಿಡುವುದಿಲ್ಲ. ಆದರೆ ಅದರಲ್ಲಿ ತಿಂಗಳಿಗೆ ಒಂದು ದಿನ ಕದಿಯಿರಿ. ಯೋಜನೆ ಹಾಕಿ ಕದಿಯಲು ಹೋಗಬೇಡಿ, ಅದು ನಡೆಯುವುದಿಲ್ಲ, ಅದನ್ನೇ ನಾನು ಮೂವತ್ತೈದು ವರ್ಷದಲ್ಲಿ ಕಲಿತದ್ದು. ಮುಂದಿನ ತಿಂಗಳ ಹದಿನೈದಕ್ಕೆ ಮಾಥೇರಾನ್ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನವೇ ಊರಿನಿಂದ ಒಂದು ಲಗ್ನಪತ್ರಿಕೆ ಹದಿನಾರಕ್ಕೆ ಬರುತ್ತದೆ, ಇಲ್ಲ ಮಗನಿಗೆ ಪರೀಕ್ಷೆ ಬರುತ್ತದೆ, ಇಲ್ಲ ಯಾರೋ ನೆಂಟರು ಬರುತ್ತಾರೆ. ಗುರುತು ಹಾಕದ ದಿನವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಅದು ಇದೆ ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ಬೆಳಿಗ್ಗೆ ಎದ್ದಿರಿ, ಮೈ ಸರಿಯಿದೆ, ಆಫೀಸಿನಲ್ಲಿ ತಲೆ ಹೋಗುವ ಕೆಲಸ ಇಲ್ಲ, ಆಯ್ತು, ಹೊರಟೇ ಬಿಡಿ. ಅನಾರಕ್ಷಿತ ಟಿಕೆಟ್ಟು ಈಗ ಮೊಬೈಲಿನಲ್ಲೇ ಸಿಗುತ್ತದೆ. ನೀರಿನ ಬಾಟಲಿ, ಮೊಸರನ್ನದ ಡಬ್ಬಿ, ಒಂದು ಟವೆಲ್ಲು. ಮುಗಿಯಿತು.

ಒಂದೇ ಒಂದು ಕಡೆ ಮಾತ್ರ ನನ್ನ ಈ 'ಹೊರಟೇ ಬಿಡಿ' ನಡೆಯುವುದಿಲ್ಲ. ಮಳೆಗಾಲದ ನೀರು. ಲೋಣಾವಳ ಮಳೆಗಾಲದಲ್ಲೇ ಚೆಂದ, ಭಾಜೆ ಬೆಟ್ಟದಿಂದ ನೀರು ಬಿಳಿ ಪಂಚೆ ಒಣಹಾಕಿದ ಹಾಗೆ ಇಳಿಯುತ್ತದೆ, ನೋಡಿ ಬನ್ನಿ. ಆದರೆ ಇಳಿಯಬೇಡಿ. 2024ರ ಜೂನ್ 30ರಂದು ಭೂಶಿ ಅಣೆಕಟ್ಟಿನ ಹಿಂದಿನ ಝರಿಯಲ್ಲಿ ಒಂದೇ ಕುಟುಂಬದ ಐದು ಜನ, ಅದರಲ್ಲಿ ನಾಲ್ಕು ಮಕ್ಕಳು, ಕೊಚ್ಚಿ ಹೋದರು. ಒಬ್ಬರನ್ನೊಬ್ಬರು ಹಿಡಿದುಕೊಂಡು ನಡುನೀರಿನಲ್ಲಿ ನಿಂತ ಆ ವಿಡಿಯೋ ನೀವೂ ನೋಡಿರುತ್ತೀರಿ. ಮಲೆನಾಡಿನಲ್ಲಿ ಬೆಳೆದ ನಮಗೆ ಗೊತ್ತು, ಹಳ್ಳದಲ್ಲಿ ಮೊಣಕಾಲು ನೀರು ಎದೆ ಮಟ್ಟ ಆಗಲು ನಮ್ಮ ತಲೆ ಮೇಲೆ ಮಳೆ ಬರಬೇಕೆಂದಿಲ್ಲ, ಮೇಲೆ ಗುಡ್ಡದಲ್ಲಿ ಬಂದರೆ ಸಾಕು. ಪಟ್ಟಣದಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು. ಎಲಿಫೆಂಟಾದ ಬೋಟಿನಲ್ಲೂ ಅಷ್ಟೇ, ಲೈಫ್ ಜಾಕೆಟ್ ಕೇಳಿ ಪಡೆದು ಹಾಕಿಕೊಂಡೇ ಕೂತುಕೊಳ್ಳಿ. ಅದೇ ವರ್ಷದ ಡಿಸೆಂಬರಿನಲ್ಲಿ ಆ ದಾರಿಯ ದೋಣಿಗೆ ನೌಕಾಪಡೆಯ ಬೋಟು ಬಡಿದು ಹತ್ತಕ್ಕಿಂತ ಹೆಚ್ಚು ಜನ ಹೋದರು. ಸಮುದ್ರ ಜೋರಿದ್ದ ದಿನ ಬೋಟು ಬಿಡುವುದಿಲ್ಲ. ಬಿಡದಿದ್ದರೆ ಜಗಳಾಡದೆ ಮನೆಗೆ ಬನ್ನಿ.

ಎಲಿಫೆಂಟಾದ ಹೆಸರು ಬಂತಲ್ಲ. ಅಲ್ಲಿ ಸುಮಾರು ನೂರಿಪ್ಪತ್ತು ಮೆಟ್ಟಿಲು. ನಡೆಯಲಾರದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುವವರಿದ್ದಾರೆ. ಮೊದಲಾಗಿದ್ದರೆ ಇವಳು "ಹೆಣ ಹೊತ್ತಾಂಗೆ ಎಂತಕ್ಕೆ" ಅನ್ನುತ್ತಿದ್ದಳು. ಮೊನ್ನೆ ಕೇಳಿದರೆ, ಸಂಕೋಚಪಡದೆ, ಎಷ್ಟು ತಗೊಳ್ತಾರೆ ಅಂತ ವಿಚಾರಿಸಿದಳು. ಮೂವತ್ತೈದು ವರ್ಷ ಹಳೆಯ 'ಮುಂದಿನ ತಿಂಗಳು' ಇನ್ನೂ ಬಾಕಿ ಇದೆ. ಯಾವ ದಿನ ಅಂತ ಹೇಳುವುದಿಲ್ಲ, ಸೋಮವಾರ ಮಾತ್ರ ಅಲ್ಲ.

ಕಣ್ಹೇರಿಯೂ ಅಷ್ಟೆ. ಅಲ್ಲಿಯ ಶಾಸನಗಳಲ್ಲಿ ನಮ್ಮ ರಾಷ್ಟ್ರಕೂಟರ ಅಮೋಘವರ್ಷನ ಹೆಸರಿದೆ, 9ನೇ ಶತಮಾನದ್ದು, ಆ ಕಾಲಕ್ಕೆ ಈ ಕೊಂಕಣವೆಲ್ಲ ಅವನ ಸಾಮಂತರಾದ ಶಿಲಾಹಾರರ ಕೈಯಲ್ಲಿತ್ತು. ಬೋರಿವಲಿಯಲ್ಲಿ ಫ್ಲ್ಯಾಟ್ ತಗೊಂಡು, ಮಗುವಿಗೆ ಅಮೋಘ ಅಂತ ಹೆಸರಿಟ್ಟು, ಕಣ್ಹೇರಿಗೆ ಹೋಗದ ಕನ್ನಡಿಗರು ನನಗೆ ಗೊತ್ತು. ಹೆಸರು ಹೇಳುವುದಿಲ್ಲ, ಓದುತ್ತಿರುತ್ತಾರೆ. ಗುಹೆಯವರೆಗೆ ಒಳಗೆ ವಾಹನ ಸಿಗುತ್ತದೆ, ಮೆಟ್ಟಿಲು ಸ್ವಲ್ಪವೇ, ಮೇಲೆ ಬಂಡೆಯಲ್ಲಿ ಭಿಕ್ಷುಗಳು ಮಳೆನೀರು ಹಿಡಿದಿಟ್ಟ ತೊಟ್ಟಿಗಳನ್ನು ಮರೆಯದೆ ನೋಡಿ. ಊಟದ ಡಬ್ಬಿಯನ್ನು ಮಾತ್ರ ಮಂಗಗಳ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಳ್ಳಿ.

ಸಂಜೆ ವಾಪಸ್ ಇಂದ್ರಾಯಣಿಯಲ್ಲೇ ಬಂದೆವು. ಕತ್ತಲಾಗಿತ್ತು, ಸುರಂಗ ಯಾವುದು ಹೊರಗೆ ಯಾವುದು ಗೊತ್ತಾಗದೆ ಈ ಸಲವೂ ಲೆಕ್ಕ ತಪ್ಪಿತು. ಇವಳ ಮಡಿಲಲ್ಲಿ ಹೂವಿನ ಹೆಂಗಸು ದುಡ್ಡು ತಗೊಳ್ಳದೆ ಕೊಟ್ಟ ಮಾಲೆ. ಮಂಡಿಗೆ ಎಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತಾ ಕೇಳಿದಳು, "ಆ ಶೆಟ್ಟಿ ಬನವಾಸಿಯಿಂದ ಇಲ್ಲಿಗಂತೂ ಬಂದ. ನಿಂಗಳ ಬನವಾಸಿ ಹ್ಯಾಂಗಿದ್ದು?"

ಇವಳ ತವರು ಕುಮಟಾ ಕಡೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಎಪ್ಪತ್ತು ಸಲ ಶಿರಸಿಗೆ ಕರೆದುಕೊಂಡು ಹೋಗಿದ್ದೇನೆ, ಬನವಾಸಿಗೆ ಒಂದು ಸಲವೂ ಕರೆದುಕೊಂಡು ಹೋಗಿಲ್ಲ. ಮುಂದಿನ ತಿಂಗಳು ತಮ್ಮನ ಮೊಮ್ಮಗನ ಉಪನಯನಕ್ಕೆ ಊರಿಗೆ ಹೋಗುವುದಿದೆ. ಶಿರಸಿ ಬಸ್‌ಸ್ಟ್ಯಾಂಡಿನಿಂದ ಬನವಾಸಿಗೆ ಬಸ್ಸು ಇದ್ದೇ ಇದೆ, ಮಧುಕೇಶ್ವರನ ಗುಡಿಗೆ ಮೆಟ್ಟಿಲೂ ಹೆಚ್ಚಿಲ್ಲ. ತಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವನು ಜೀಪು ಮಾಡಿಸಿ, ಹತ್ತು ಜನರನ್ನು ಹತ್ತಿಸಿ, ಸೋಂದಾ, ಸಹಸ್ರಲಿಂಗ, ಯಾಣ ಎಲ್ಲ ಸೇರಿಸಿ ಒಂದೇ ದಿನದಲ್ಲಿ ತೋರಿಸಿಬಿಡುತ್ತಾನೆ.